ಹಸಿರೋ ಕೆಂಪೋ

ಬಸ್ ಸ್ಟ್ಯಾಂಡಿನ ಮೂತ್ರಾಲಯಗಳಿಗೆ ರೋಗ ಹೇಳುವ ಬುದ್ಧಿ ಬಂದ ಮೇಲೆ ಡ್ರೈವರ್ ಫಕೀರೇಶ ಡ್ಯೂಟಿಯ ದಿನ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಐವತ್ತು ದಾಟಿದ ಗಂಡಸು ಹೋಗಿ ನಿಂತರೆ ಸಾಕು, ಎದುರಿನ ಗೋಡೆಯಲ್ಲಿ ಹಸಿರು ದೀಪವೋ ಕೆಂಪು ದೀಪವೋ ಹತ್ತುತ್ತಿತ್ತು. ಕೆಂಪೆಂದರೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್. ಅದು ಕೊಲ್ಲುವಂಥದ್ದೋ, ಸಾಯುವ ತನಕ ಸುಮ್ಮನೆ ಬಿದ್ದಿರುವಂಥದ್ದೋ ಎಂಬುದನ್ನು ಮಾತ್ರ ದೀಪ ಹೇಳುತ್ತಿರಲಿಲ್ಲ. ರಸ್ತೆ ಬದಿಗೆ ಮೂತ್ರಕ್ಕೆ ನಿಂತರೆ ಕೆಲಸವೇ ಹೋಗುವ ಕಾಲ ಬೇರೆ.

ಅವತ್ತು ಬೆಳಗಿನಿಂದ ತಡೆದು ತಡೆದು ಕಿಬ್ಬೊಟ್ಟೆ ಬಿರಿಯುವ ಹಾಗಾಗಿತ್ತು. ಆದರೂ ಅವನು ಮೂತ್ರಾಲಯ ದಾಟಿ ಕಂಟ್ರೋಲರ್ ಗುರುಶಾಂತಪ್ಪನ ಕೋಣೆಗೆ ಹೋದ. ಗುರುಶಾಂತಪ್ಪನೂ ಮೊದಲು ಡ್ರೈವರೇ. ಕೆಂಪು ದೀಪ ಕಂಡ ವಾರದಲ್ಲೇ ಆಪರೇಷನ್ ಮಾಡಿಸಿಕೊಂಡ. ಆಮೇಲೆ ಮೂತ್ರ ಹಿಡಿತಕ್ಕೆ ಸಿಗದೆ, ಸ್ಟೇರಿಂಗ್ ಬಿಟ್ಟು, ರಬ್ಬರ್ ಶೀಟು ಹಾಸಿದ ಈ ಕುರ್ಚಿಗೆ ಬಂದಿದ್ದ.

"ನೀವು ಮಾಡಿಸಿದ್ದು ಚಲೋ ಆತೇನ್ರೀ ಅಣ್ಣಾರ?"

"ನಮ್ಮ ಮೆಕ್ಯಾನಿಕ್ ದಾವಲಸಾಬ ಕೆಂಪು ನೋಡಿ ನಕ್ಕೊಂತ ಹೋದ. ಎರಡ ವರ್ಷದಾಗ ಎಲುಬಿಗೆ ಹತ್ತಿ ಸತ್ತ. ನಾ ಬದುಕೀನಿ. ಆಪರೇಷನ್ ಆಗಿದ್ದಕ್ಕ ಬದುಕೀನೋ, ಆಗದಿದ್ರೂ ಬದುಕ್ತಿದ್ನೋ, ಅದನ್ನ ಹೇಳಾವ್ರು ಯಾರೂ ಇಲ್ಲೋ ತಮ್ಮಾ."

ಫಕೀರೇಶ ಮತ್ತೆ ಮೂತ್ರಾಲಯ ದಾಟಿ ಬಂದು ಬಸ್ಸು ಹತ್ತಿದ. ಮುಂದಿನ ಊರು ಎರಡು ತಾಸಿನ ದಾರಿ. ಅರ್ಧ ದಾರಿಯಲ್ಲಿ ಒಂದು ಗುಂಡಿಗೆ ಗಾಲಿ ಇಳಿದು ಬಸ್ಸು ಎಗರಿತು. ಅವನ ಹಿಡಿತ ತಪ್ಪಿತು. ಖಾಕಿ ಪ್ಯಾಂಟು ಬೆಚ್ಚಗೆ ನೆನೆಯುತ್ತಾ ಹೋಯಿತು.

ಅವನ ಬೆನ್ನ ಹಿಂದಿನ ಸೀಟಿನ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದವಳಿಗೆ ಹೇಳಿದಳು: "ಪಾಪ, ಇವಗೂ ಆಪರೇಷನ್ ಆಗೇತಿ."

ಫಕೀರೇಶ ಕನ್ನಡಿಯಲ್ಲಿ ಅವಳನ್ನು ನೋಡಿ ಹೌದೆಂಬಂತೆ ತಲೆ ಆಡಿಸಿದ.