ಮಣ್ಣಿಗೆ ಸೇರಿದ ಹಾಳೆ

ಫಕ್ಕೀರವ್ವ ಸಲಿಕೆಯಿಂದ ಎತ್ತಿದ ಮಣ್ಣಿನಲ್ಲಿ, ಹೊಲಕ್ಕೆ ಹಾಸಿದ್ದ ಹಾಳೆಯ ಚೂರೊಂದು ಕಂಡಿತು. ಪಕ್ಕದಲ್ಲಿದ್ದ ಸೊಸೆ ರೇಷ್ಮಾ ಬಗ್ಗಿ ನೋಡಿದಳು.

"ಮಣ್ಣಾಗ ಕರಗತೈತಿ ಅಂದಿದ್ದಿ. ಇದೇನ ಮತ್ತ?" ಅತ್ತೆ ಕೇಳಿದಳು.

ಹಿಂದೆ ಕಳೆ ಬಾರದಂತೆ ಮೆಣಸಿನ ಗಿಡಗಳ ಬುಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಅಸುಂಡಿ ಊರಿನ ಆ ಹೊಲವನ್ನು ಕೆಡಿಸಿತ್ತು. ಅದರ ಚೂರುಗಳಿಂದ ನೀರು ಇಂಗುತ್ತಿರಲಿಲ್ಲ, ಬೇರು ಇಳಿಯುತ್ತಿರಲಿಲ್ಲ. ಆರಿಸಿ ಆರಿಸಿ ಫಕ್ಕೀರವ್ವನ ಸೊಂಟ ಬಿದ್ದುಹೋಗಿತ್ತು. ರೇಷ್ಮಾ ಕರಗುವ ಹೊಸ ಹಾಳೆ ತಂದಾಗ, "ಇದೂ ಹಂಗ ಉಳೀತಂದ್ರ ಇನ್ನ ಹೊಲದ ಉಸಾಬರಿ ನಿನಗ ಬ್ಯಾಡ" ಎಂದು ಖಡಾಖಂಡಿತ ಹೇಳಿದ್ದಳು. ಬೆಳೆ ಮುಗಿದ ಮೇಲೆ ರೇಷ್ಮಾ ಹಾಳೆಯನ್ನು ಸೆಗಣಿ ಗೊಬ್ಬರದ ಜೊತೆ ಮಣ್ಣಿಗೆ ಸೇರಿಸಿ, ಅದು ಕೊಳೆಯಲೆಂದು ಬೇಸಿಗೆಯುದ್ದಕ್ಕೂ ಹಸಿ ಆರದಂತೆ ನೀರು ಹಾಯಿಸಿದ್ದಳು. ಖಾಲಿ ಹೊಲಕ್ಕೆ ನೀರು ಬಿಡುತ್ತಾಳೆಂದು ಊರ ಮಂದಿ ನಕ್ಕಿದ್ದರು.

"ಸ್ವಲ್ಪ ಜಗ್ಗಿ ನೋಡ್ರಿ ಅತ್ತಿ," ಎಂದಳು ರೇಷ್ಮಾ.

ಫಕ್ಕೀರವ್ವ ಚೂರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಇದು ಸುಟ್ಟ ಕಾಗದದಂತೆ ಪುಡಿಪುಡಿಯಾಗಿ ಉದುರಿತು. ನಂಬಿಕೆ ಬರದೆ ಆಕೆ ಮತ್ತೊಂದು ಕಡೆ ಅಗೆದಳು, ಸಾಲಿನ ಕೊನೆಗೆ ಹೋಗಿ ಅಲ್ಲಿಯೂ ಅಗೆದಳು. ಒಂದು ಚೂರೂ ಸಿಗಲಿಲ್ಲ. ಹಸಿ ಮಣ್ಣಿನ ಹೆಂಟೆಯೊಂದನ್ನು ಒಡೆದಾಗ ದಪ್ಪನೆಯ ಎರೆಹುಳವೊಂದು ಅಂಗೈಯಲ್ಲಿ ಹೊರಳಾಡಿತು. ಫಕ್ಕೀರವ್ವ ಸಲಿಕೆ ಬಿಸಾಡಿ, ಆ ಕೈಯನ್ನು ಮೇಲೆತ್ತಿಕೊಂಡೇ ಬದುವಿನತ್ತ ಓಡಿ ಅಕ್ಕಪಕ್ಕದ ಹೊಲದವರನ್ನು ಕೂಗಿದಳು.

"ಏ, ಎಲ್ಲಾರೂ ಬರ್ರಿ ಇಲ್ಲೆ! ನನ್ನ ಸೊಸಿ ಹೊಲಾ ಬದುಕಿಸ್ಯಾಳ, ನೋಡ ಬರ್ರಿ!"