ಭೂತಕ್ಕೆ ಕುಂಕುಮ

"ಉಳಿ ಹಿಡಿದ ಮನೇಲಿ ಈ ಭೂತ ಕಿರುಚೋದು ಬೇಡ," ಎಂದು ಮರದಂಚು ಕೊರೆಯುವ ರೂಟರ್ ಮೆಷಿನ್ನಿಗೆ ಬೆನ್ನು ಹಾಕಿ ಕೂತಿದ್ದರು ಬಡಗಿ ಮೌನೇಶಾಚಾರರು. ಮಗಳು ವಸುಂಧರೆಯ ಕಾಲು ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮರ ಕೊರೆಯುವ ಹೊಸ ಅಲಗಿನ, ಅಂದರೆ ಬಿಟ್ಟಿನ, ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮೆಷಿನ್ನಿಗೆ ಸಿಕ್ಕಿಸಿ, ಸ್ಪ್ಯಾನರಿನಿಂದ ಬಿಗಿದಳು.

"ಬಿಟ್ಟನ್ನ ತಳ ಮುಟ್ಟೋ ಹಾಗೆ ತುರುಕಿದ್ಯೇನೆ? ಹಿಡಿತ ಸಡಿಲ ಆಗತ್ತೆ." ಅಪ್ಪ ತಿರುಗದೆಯೇ ಕೇಳಿದರು.

"ಇಲ್ಲಪ್ಪ, ಚೂರು ಮೇಲಕ್ಕೆ ಎಳೆದಿದೀನಿ."

"ಕಣ್ಣಿಗೆ ಕನ್ನಡಕ?"

"ಇಲ್ಲೇ ಇದೆ."

"ಕುಂಕುಮ ಇಡದೆ ಹೊಸ ಹತಾರ ಮರ ಮುಟ್ಟಬಾರದು. ತಗೊಂಡ್ ಬಾ ಹೋಗು."

ಅಪ್ಪ ಒಪ್ಪಿದರಲ್ಲ! ವಸುಂಧರೆ ಕುಣಿಯುತ್ತ ದೇವರ ಮನೆಗೆ ಓಡಿದಳು. ಕುಂಕುಮದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಭೂತ ಕಿರುಚಿತು.

ಎದ್ದುಬಿದ್ದು ಓಡಿಬಂದಳು. ಅವಳ ಕನ್ನಡಕ ಏರಿಸಿಕೊಂಡಿದ್ದ ಅಪ್ಪನ ಮೀಸೆ ತುಂಬ ಮರದ ಪುಡಿ.

"ಇನ್ನೊಂದು ಹಲಗೆ ಕೊಡೇ, ಬೇಗ!"