ಪಾಳಿ ಓಣಿ

"ನಿನ್ನ ಹೆರಿಗಿಗೆ ನಾನ ಕೈ ಹಿಡಕೊಂಡ ಕುಂದರ್ತೇನಿ" ಎಂದು ತಂಗಿ ಸುವರ್ಣಾಳ ಮದುವೆಯ ದಿನವೇ ಫಕ್ಕೀರವ್ವ ಮಾತು ಕೊಟ್ಟಿದ್ದಳು.

ಊರಿನ ಒಂದೊಂದು ಓಣಿಯೂ ಒಂದೊಂದು ಬಗೆಯ ವಿಡಿಯೋ ಗೇಮಿನಂತೆ ನಡೆಯುತ್ತಿತ್ತು. ಫಕ್ಕೀರವ್ವನದು ರೇಸಿನ ಓಣಿ, ನಿಂತವರು ಸೋತಂತೆ. ತಂಗಿಗೆ ಹೆರಿಗೆ ನೋವು ಶುರುವಾಯಿತೆಂದು ಸುದ್ದಿ ಬಂದದ್ದೇ ಅಲ್ಲಿಂದ ಓಡಿದಳು. ನಡುವಿನ ಒಗಟಿನ ಓಣಿಯಲ್ಲಿ ಒಗಟು ಬಿಡಿಸದೆ ಗೇಟು ತೆರೆಯದು. ಅದನ್ನೂ ಏದುಸಿರಿನಲ್ಲೇ ದಾಟಿ ಬಂದಳು. ತಂಗಿಯದು ಪಾಳಿ ಓಣಿ. ಅಲ್ಲಿ ಒಂದು ಹೆಜ್ಜೆ ಇಟ್ಟರೆ, ಬೀದಿಯಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಇಡುವತನಕ ಕಾಯಬೇಕು.

ಕಾದು ಕಾದು ತಂಗಿಯ ಮನೆ ಕಟ್ಟೆ ಹತ್ತಿದಳು. ಒಳಗಿನಿಂದ ಸುವರ್ಣಾ "ಅಕ್ಕಾ!" ಎಂದು ಚೀರಿದಳು. ಹೊಸ್ತಿಲಿಗೆ ಒಂದೇ ಹೆಜ್ಜೆ, ಪಾಳಿಯೂ ಅವಳದೇ. ಅಷ್ಟರಲ್ಲಿ ಪಕ್ಕದಲ್ಲಿ ತಂಗಿಯ ಮಾವ ನಿಂತಿದ್ದು ಕಂಡಿತು. ರೇಸಿನ ಓಣಿಯಲ್ಲಿ ಯಾರಿಗೂ ಹೇಳಲು ಪುರುಸೊತ್ತು ಸಿಗದ ಮರ್ಯಾದೆಯ ಮಾತು ಬಾಯಿಂದ ಜಾರಿತು: "ನೀವು ಮೊದಲ ಹೋಗ್ರಿ, ಬೀಗರ."

ಮುದುಕ ಹಣೆ ಬಡಿದುಕೊಂಡ. "ಅಯ್ಯ ಹುಚ್ಚಿ, ಪಾಳಿ ಬಿಟ್ಟುಕೊಟ್ಟೆಲ್ಲ!"

"ಹೊಳ್ಳಿ ಕೊಡ್ರೀ!"

"ಇಲ್ಲಿ ಹಂಗ ಕೊಡಾಕ ಬರಂಗಿಲ್ಲವ್ವಾ. ಇನ್ನ ಎಲ್ಲಾರ ಪಾಳಿ ಮುಗಿಯೂತನಕ ನೀ ನಿಂದರಬೇಕು."

ಅವಳ ಕಾಲು ನೆಲಕ್ಕೆ ಅಂಟಿತು. ಕೊಡ ಹೊತ್ತವಳು ಒಂದು ಹೆಜ್ಜೆ ಇಟ್ಟಳು. ಸೊಪ್ಪು ಮಾರುವವನು ಚೌಕಾಸಿ ಮುಗಿಸಿ, ಆಮೇಲೆ ಒಂದು ಹೆಜ್ಜೆ ಇಟ್ಟ. ಒಳಗೆ ಚೀರಾಟ ನಿಂತು ಕೂಸಿನ ಅಳು ಕೇಳಿತು.

ಫಕ್ಕೀರವ್ವ ಹೊಸ್ತಿಲ ಹೊರಗೇ ಇದ್ದಳು. ಕೊಟ್ಟ ಮಾತು ನಡೆಯಲಿಲ್ಲ.